ನಾಲ್ಕನೇ ಟೇಕಿನ ಚಾಪೆ

ಟ್ರಂಕಿನಲ್ಲಿ ಚಾಪೆ ಇತ್ತು. ಆದರೆ ಇಟ್ಟ ಚಾಪೆ ಅದಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳೂವರೆ. ಮಾಂಗೆರೆಯಲ್ಲಿ ಶೂಟಿಂಗಿಗೆಂದು ಹಿಡಿದಿದ್ದ ಮನೆಯ ಅಂಗಳದಲ್ಲಿ ನಾನು ಕೋಕೋ ಕುದಿಸುತ್ತಿದ್ದೆ. ಸಾಮಾನಿನ ವ್ಯಾನಿನಿಂದ ವಾಯಿಯ ಕಿರುಚಾಟ ಕೇಳಿ ಸೌಟು ಹಿಡಿದುಕೊಂಡೇ ಓಡಿದೆ. ಸೆಟ್ಟಿನ ಸಾಮಾನೆಲ್ಲ ನೋಡಿಕೊಳ್ಳುವವಳು ಅವಳೇ. ಬಿಳಿ ಬಟ್ಟೆಯ ಗಂಟು ಬಿಚ್ಚಿ ಕುಸಿದು ಕೂತಿದ್ದಳು. ಒಳಗಿದ್ದದ್ದು ಒರಟು ಕೇದಗೆ ಎಲೆಯ, ಮಲಗಲು ಹಾಸುವ ಹಳೇ ಚಾಪೆ.

"ಲಿಸಕ್ಕಾ, ಅಮ್ಮನ ಚಾಪೆ ಎಲ್ಲಿ? ಇದು ರಿಹರ್ಸಲ್ ಚಾಪೆ! ನಂದೆಲ್ಲಿ?"

ವಾಯಿಯ ತಾಯಿ ರೂತಾಳ ಚಾಪೆಯ ಹೆಸರು ಕೇಳದವರು, ದ್ವೀಪ ಬಿಟ್ಟು ಮಾಂಗೆರೆಗೆ ಬಂದು ನೆಲೆಸಿದ ನಮ್ಮ ಜನರಲ್ಲಿ ಯಾರೂ ಇಲ್ಲ. ಅವಳ ಮುತ್ತಜ್ಜಿ ಮೂರು ವರ್ಷ ಕೂತು ನೇಯ್ದದ್ದು. ರೇಷ್ಮೆಯಷ್ಟು ಮೆತ್ತಗೆ, ಅಂಚಿಗೆ ಹಕ್ಕಿಯ ಕೆಂಪು ಗರಿ. ಮದುವೆಯಿಂದ ಸಾವಿಗೆ, ಸಾವಿನಿಂದ ಮದುವೆಗೆ ಮನೆಮನೆ ಸುತ್ತಿ ಮತ್ತೆ ರೂತಾಳ ಕೈಗೆ ಬಂದಿತ್ತು. ಶನಿವಾರ ಹತ್ತಕ್ಕೆ ಅವಳ ಗಂಡನ ಅಣ್ಣನ ಮಣ್ಣು. ಎಲ್ಲರೆದುರು ಆ ಚಾಪೆಯನ್ನು ಸಾವಿನ ಮನೆಗೆ ಒಪ್ಪಿಸಬೇಕು. ಬರಿಗೈಯಲ್ಲಿ ಹೋದರೆ ಗಂಡನ ಮನೆಯವರ ಮುಂದೆ ಅವಳು ಮತ್ತೆ ತಲೆ ಎತ್ತುವ ಹಾಗಿಲ್ಲ. ಅಂಥದ್ದನ್ನು ಮಗಳು ಕಾಡಿ ಬೇಡಿ ಎರಡು ದಿನದ ಮಟ್ಟಿಗೆ ನಾಟಕಕ್ಕೆ ತಂದಿದ್ದಳು.

ನಾಟಕ ಅಂದರೆ ನಮ್ಮ ಟೀವಿ ಧಾರಾವಾಹಿ, 'ಗುರುವಾರದ ಮನೆ'. ಅದರ ನಾಯಕಿ ಎಸೇತಾ ಮಾಂಗೆರೆಯಲ್ಲಿ ಚರ್ಚಿನ ಹಿರಿಯನ ಹೆಂಡತಿ. ಗುರುವಾರ ಬಂತೆಂದರೆ ಆಸ್ಪತ್ರೆ ಡ್ಯೂಟಿ ಎಂದು ಹೇಳಿ ಹ್ಯಾಮಿಲ್ಟನ್ ಊರಿಗೆ ಹೊರಡುತ್ತಾಳೆ. ಅಲ್ಲಿ ಬೇರೆ ಹೆಸರು, ಬೇರೆ ಗಂಡಸು, ಬೇರೆ ಅಡುಗೆಮನೆ. ಕೊನೆಗೆ ಸಿಕ್ಕಿಬೀಳುತ್ತಾಳೆ. ನಿನ್ನೆ ತೆಗೆದದ್ದು ಅದರ ಇಫೋಗಾ ದೃಶ್ಯ: ತಪ್ಪು ಮಾಡಿದವಳು ಗಂಡನ ಮನೆಯ ಅಂಗಳದಲ್ಲಿ ಮೈತುಂಬ ಚಾಪೆ ಹೊದ್ದು ಕೂರುವುದು, ಮನೆಯ ಅಜ್ಜಿ ಹೊರಗೆ ಬಂದು ಆ ಚಾಪೆ ಎತ್ತಿದರೆ ಕ್ಷಮೆ ಸಿಕ್ಕಿತು ಎಂದು ಅರ್ಥ. ಎತ್ತದಿದ್ದರೆ? ಕೂತೇ ಇರುವುದು.

ಅಷ್ಟರಲ್ಲಿ ನಿರ್ದೇಶಕ ಕ್ರೇಗ್ ಬಂದ. ಬಿಳಿಯ. ಒಳ್ಳೆಯವನೇ, ಆದರೆ ಬಾಯಿ ಮುಂದೆ, ಬುದ್ಧಿ ಹಿಂದೆ.

"ಅಂಥದ್ದೇ ಇನ್ನೊಂದು ಕೊಂಡುಬಿಟ್ರೆ ಆಗಲ್ವಾ?"

"ನಿಮ್ಮಜ್ಜೀನ ಕೊಳ್ಳೋಕಾಗುತ್ತಾ?" ಎಂದೆ.

"ಹಂಗಾದ್ರೆ ಪೊಲೀಸರನ್ನ ಕರೆಯೋಣ. ಟ್ರಂಕಿನ ಬೀಗದ ಕೈ ಯಾರ ಹತ್ರ ಇತ್ತು?"

ಎಲ್ಲರೂ ವಾಯಿಯ ಕೊರಳು ನೋಡಿದರು. ದಾರದಲ್ಲಿ ಕೀಲಿ ತೂಗುತ್ತಿತ್ತು.

"ನನ್ನ ಹತ್ರಾನೇ," ಅಂದಳು ಹುಡುಗಿ. "ಸಂಜೆ ಐದಕ್ಕೆ ಬೀಗ ಹಾಕ್ದೆ. ಗಂಟು ಮುಟ್ಟಿ ನೋಡಿದೀನಿ. ಆಮೇಲೆ ಕೀಲಿ ಕೊರಳಿಂದ ಇಳಿದಿಲ್ಲ. ಆದ್ರೆ ನಾನು ತಗೊಂಡಿಲ್ಲ, ದೇವರಾಣೆ!"

ಬೀಗ ಮುರಿದಿಲ್ಲ. ಕೀಲಿ ಒಂದೇ. ಚಾಪೆ ಮಾತ್ರ ಬದಲು. ನನ್ನ ತಲೆಯೆಲ್ಲ ಗೊಜ್ಜಾಯಿತು.

"ಮಧ್ಯಾಹ್ನದ ತನಕ ಯಾರೂ ಯಾರಿಗೂ ಫೋನ್ ಮಾಡಬೇಡಿ," ಎಂಬ ದನಿ ಹಿಂದಿನಿಂದ ಬಂತು.

ನೊಯೇಲಾ. ನಮ್ಮ ಕಂಟಿನ್ಯುಟಿಯವಳು. ಯಾವ ಶಾಟಿನಲ್ಲಿ ಯಾರ ಲೋಟ ಯಾವ ಕೈಯಲ್ಲಿತ್ತು, ಯಾರ ಗುಂಡಿ ಬಿಚ್ಚಿತ್ತು ಎಂದು ಫೋಟೊ ತೆಗೆದು ಬರೆದಿಡುವುದೇ ಅವಳ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿ, ಮನುಷ್ಯರ ಮುಖವನ್ನೂ ಹಾಗೇ ನೋಡುತ್ತಾಳೆ.

"ಲಿಸೀ, ಎರಡು ಲೋಟ ಕೋಕೋ ತಗೊಂಡು ಬಾ. ಕೇಳೋ ಕೆಲಸ ಇದೆ."

ಮೊದಲು ವಾಯಿ.

"ಮೂಗೊರೆಸ್ಕೊ ಮಗಳೇ. ನಿನ್ನೆ ಒಳ್ಳೇ ಚಾಪೆ ಯಾವಾಗ ಬೇಕಾಗಿತ್ತು?"

"ಬೆಳಿಗ್ಗೆ ಮಾತ್ರ. ತಾಲೀಯಕ್ಕನ ಮುಖದ ಶಾಟ್‌ಗೆ. ಹನ್ನೊಂದಕ್ಕೆ ಮುಗೀತು. ನಾನೇ ಸುತ್ತಿ ಟ್ರಂಕಲ್ಲಿಟ್ಟೆ."

"ಬೀಗ?"

"ಆಗ ಹಾಕ್ಲಿಲ್ಲ. ಹಾಡುಹಗಲಲ್ಲಿ ಯಾರು ಮುಟ್ತಾರೆ ಅಂತ—"

"ಮಧ್ಯಾಹ್ನ?"

"ದೂರದ ಶಾಟ್. ಅಜ್ಜಿ ಮನೆಯಿಂದ ಬಂದು ಚಾಪೆ ಎತ್ತೋದು. ಅದಕ್ಕೆ ರಿಹರ್ಸಲ್ ಚಾಪೆ ಸಾಕಾಗಿತ್ತು. ಒಳಗೆ ತಾಲೀಯಕ್ಕನೂ ಬೇಡ, ಮುಖ ಕಾಣಲ್ವಲ್ಲ. ಲೋಸಾ ಕೂತಿದ್ಲು."

ತಾಲೀಯಾ ನಮ್ಮ ನಾಯಕಿ. ಸಿಡ್ನಿಯಲ್ಲಿ ಹೆಸರು ಮಾಡಿ ಬಂದವಳು. ಲೋಸಾ ಅವಳ ಬದಲಿ. ಅದೇ ಎತ್ತರ, ಅದೇ ಮೈಕಟ್ಟು. ಬಿಸಿಲು, ಕೆಸರು, ಬೆನ್ನು ಮಾತ್ರ ಕಾಣುವ ಶಾಟು, ಎಲ್ಲ ಅವಳ ಪಾಲಿಗೆ.

"ಬಿಸಿಲಲ್ಲಿ ಕೂತು ಮಂಡಿ ಸುಟ್ಟುಹೋಯ್ತು ನೊಯೇಲಕ್ಕ," ಎಂದು ಲೋಸಾ ಮಂಡಿ ತಿಕ್ಕಿದಳು. "ನಾಲ್ಕು ಟೇಕು! ದಿನಗೂಲಿಗೆ ಬಂದಿದ್ದ ಆ ಪೆನಿನಾ ಅಜ್ಜಿ ಮೂರು ಸಲ ಕ್ಯಾಮೆರಾ ನೋಡಿದ್ಲಂತೆ. ನಾಲ್ಕನೇ ಸಲ ಸರಿಯಾಯ್ತು."

"ನಾಲ್ಕಕ್ಕೂ ನೀನೇ ಕೂತಿದ್ದೆಯಾ?"

"ಮತ್ತೆ ನಮ್ಮಪ್ಪ ಕೂತಿದ್ನಾ?"

ನೊಯೇಲಾ ನಕ್ಕಳು. ನನಗೆ ನಗು ಬರಲಿಲ್ಲ. ನಿನ್ನೆ ಮೂರೂವರೆಗೆ ಈ ಹುಡುಗಿ ನನ್ನ ಮೇಜಿನ ಹತ್ತಿರ ನಿಂತು ತೆಂಗಿನಹಾಲಿನ ಬನ್ನು ಐದು ಮುಗಿಸಿದ್ದಳು. ಆರನೆಯದಕ್ಕೆ ಕೈ ಹಾಕಿದಾಗ ನಾನೇ ಸೌಟಿನಲ್ಲಿ ತಟ್ಟಿದ್ದೆ. ಅಷ್ಟು ಹೊತ್ತು ಚಾಪೆಯಡಿ ಕೂತಿದ್ದಳೇ? ಟೇಕು ಎಷ್ಟು ಹೊತ್ತಿಗಾಯಿತೋ ನನಗೇನು ಗೊತ್ತು ಎಂದು ಸುಮ್ಮನಾದೆ.

ಕ್ರೇಗ್ ಬೇರೆಯೇ ರಾಗ ಎಳೆದ. "ನನ್ನನ್ನೂ ಕೇಳ್ತೀಯಾ?"

"ಆ ಚಾಪೆ ಗೋಡೆಗೆ ಹಾಕ್ಕೊಂಡ್ರೆ ಚೆನ್ನಾಗಿರುತ್ತೆ ಅಂತ ಎರಡು ಸಲ ಅಂದಿದ್ದೆ ನೀನು."

"ಅಂದಿದ್ದೆ! ಅಂದೋರೆಲ್ಲ ಕಳ್ಳರಾ? ನಾನು ದಿನವಿಡೀ ಮಾನಿಟರ್ ಮುಂದೆ ಇದ್ದೆ. ನಾಲ್ಕನೇ ಟೇಕ್ ನೋಡಿ ಕಣ್ಣಲ್ಲಿ ನೀರು ಬಂತು. ಆ ಅಜ್ಜಿ ಚಾಪೆ ಎತ್ತಿದ್ದು, ಒಳಗಿದ್ದೋಳ ಕೆನ್ನೆ ಮುಟ್ಟಿದ್ದು... ಸ್ಕ್ರಿಪ್ಟಲ್ಲಿ ಇರಲೇ ಇಲ್ಲ! ನಟನೆ ಅಂದ್ರೆ ಅದು!"

"ಹೌದಾ?" ಎಂದಳು ನೊಯೇಲಾ. "ಮೂರು ಟೇಕಲ್ಲಿ ಕ್ಯಾಮೆರಾ ಕಡೆ ನೋಡಿ ಹಲ್ಲು ಕಿರಿದೋಳಿಗೆ ಒಮ್ಮೆಲೇ ನಟನೆ ಬಂದ್ಬಿಡ್ತಾ?"

ಕ್ರೇಗ್ ಮಾನಿಟರಿನ ಡೇರೆಯ ಕಡೆ ತಿರುಗಿ ನೋಡಿದ.

ಕೊನೆಗೆ ತಾಲೀಯಾ. ಕಪ್ಪು ಕನ್ನಡಕ ತೆಗೆಯಲಿಲ್ಲ.

"ಹನ್ನೊಂದಕ್ಕೆ ನನ್ನ ಕೆಲಸ ಮುಗೀತು ಅಕ್ಕ. ತಲೆನೋವು. ಸಂಜೆ ತನಕ ನನ್ನ ವ್ಯಾನಲ್ಲಿ ಮಲಗಿದ್ದೆ."

"ಬಾಗಿಲು ಹಾಕ್ಕೊಂಡು?"

"ಹಾಕ್ಕೊಂಡು. ಪಾಪ, ಆ ವಾಯಿ... ಅವಳನ್ನ ಬಿಟ್ಟುಬಿಡಿ. ಬೇಕಾದ್ರೆ ಅವಳಮ್ಮನ ಹತ್ರ ನಾನೇ ಮಾತಾಡ್ತೀನಿ."

"ನೀನ್ಯಾಕೆ ಮಾತಾಡ್ಬೇಕು ತಾಯಿ?"

ತಾಲೀಯಾ ಕನ್ನಡಕವನ್ನು ಇನ್ನಷ್ಟು ಮೇಲೇರಿಸಿಕೊಂಡಳು.

ನೊಯೇಲಾ ಎದ್ದು ನೇರ ಮಾನಿಟರಿನ ಡೇರೆಗೆ ಹೋದಳು. ಹತ್ತು ನಿಮಿಷ ಒಳಗಿದ್ದಳು. ಹೊರಗೆ ಬಂದಾಗ ಮುಖದಲ್ಲಿ ಗೆದ್ದವಳ ಕಳೆ ಇರಲಿಲ್ಲ. ಯಾರದೋ ಮನೆಯ ಬಾಗಿಲು ತಳ್ಳಿ ನೋಡಬಾರದ್ದು ನೋಡಿದವಳ ಹಾಗಿದ್ದಳು.

"ಎಲ್ಲರನ್ನೂ ಕರಿಬೇಡ ಲಿಸೀ. ವಾಯಿ, ಲೋಸಾ, ತಾಲೀಯಾ ಸಾಕು."

ವ್ಯಾನಿನ ನೆರಳಲ್ಲಿ ಐದೂ ಹೆಂಗಸರು ಕೂತೆವು.

"ರಾತ್ರಿ ಟ್ರಂಕು ಯಾರು ತೆಗೆದ್ರು ಅಂತ ಎಲ್ಲರೂ ತಲೆ ಕೆಡಿಸ್ಕೊಂಡಿದೀರಿ," ನೊಯೇಲಾ ಶುರುಮಾಡಿದಳು. "ಯಾರೂ ತೆಗೆದಿಲ್ಲ. ವಾಯಿ ಬೀಗ ಹಾಕೋ ಹೊತ್ತಿಗೇ ಗಂಟಲ್ಲಿ ಇದ್ದದ್ದು ಹಳೇ ಚಾಪೆ. ನಿನ್ನೆ ಸೆಟ್ಟಲ್ಲಿ ಎರಡು ಚಾಪೆ ಇತ್ತು. ಇವತ್ತು ಒಂದೇ ಇದೆ. ಟ್ರಂಕಿಂದ ಹೋದ ಚಾಪೆ ಎಲ್ಲಿ ಅಂತ ಎಲ್ಲರೂ ಕೇಳಿದ್ರಿ. ಅಜ್ಜಿ ಎತ್ತಿದ ಚಾಪೆ ಎಲ್ಲಿ ಅಂತ ಒಬ್ಬರಾದ್ರೂ ಕೇಳಿದ್ರಾ?"

"ಆ ಹಳೇದು ಯಾರಿಗೆ ಬೇಕಕ್ಕ?" ಎಂದಳು ವಾಯಿ.

"ಅದೇ! ಯಾರಿಗೂ ಬೇಡ ಅಂತ ಯಾರೂ ನೋಡ್ಲಿಲ್ಲ. ಲಿಸೀ, ಪೆನಿನಾ ಅಜ್ಜಿ ಬಸ್ಸಿಗೆ ಹೋಗೋವಾಗ ಕಂಕುಳಲ್ಲಿ ಏನಿತ್ತು?"

ನಾನು ಸೌಟು ಕೆಳಗಿಟ್ಟೆ. "ಚಾಪೆ! ನಾನೇ ನೋಡ್ದೆ! ಕೂರೋಕೆ ಮನೆಯಿಂದ ತಂದಿದ್ದು ಅನ್ಕೊಂಡೆ. ಎಲ್ಲ ಅಜ್ಜೀರೂ ತರ್ತಾರಲ್ಲ..."

"ಮೂರೂವರೆಗೆ ತೆಗೆದ ನಾಲ್ಕನೇ ಟೇಕ್ ನಿಲ್ಲಿಸಿ ನೋಡ್ದೆ. ಚಾಪೆ ಅಂಚಲ್ಲಿ ಕೆಂಪು ಗರಿ ಇದೆ. ಮೊದಲ ಮೂರರಲ್ಲಿ ಇಲ್ಲ. ಮೂರು, ನಾಲ್ಕರ ನಡುವೆ ಯಾರೋ ವ್ಯಾನಿಗೆ ಹೋಗಿ ಬದಲಾಯಿಸಿದಾರೆ. ಯಾರು? ಚಾಪೆಯಡಿ ಕೂತೋಳು. ಲೋಸಾ, ಮೂರೂವರೆಗೆ ಎಲ್ಲಿದ್ದೆ?"

ಲೋಸಾ ನನ್ನ ಕಡೆ ನೋಡಿದಳು. ನಾನು ಸೌಟಿನ ಕಡೆ ನೋಡಿದೆ.

"...ಬನ್ನು ತಿಂತಿದ್ದೆ," ಎಂದಳು. "ನಾನು ಒಂದು ಟೇಕೂ ಕೂತಿಲ್ಲ. ಹೇಳಬೇಡ ಅಂದಿದ್ಲು. ನನಗೆ ಚಾಪೆ ವಿಷಯ ಗೊತ್ತಿರಲಿಲ್ಲ, ಸತ್ಯವಾಗ್ಲೂ!"

"ಗೊತ್ತು. ನೀನಲ್ಲ ಅಂದ್ರೆ ಅದೇ ಎತ್ತರ, ಅದೇ ಮೈಕಟ್ಟಿನೋಳು ಇಲ್ಲಿ ಇನ್ನೊಬ್ಬಳೇ. ಚಾಪೆ ಬದಲಾಯಿಸಿ, ಅಡಿಯಲ್ಲಿ ಕೂತೋಳು ತಾಲೀಯಾ. ಅಜ್ಜಿ ನಟಿಸ್ಲಿಲ್ಲ. ಚಾಪೆ ಎತ್ತಿ ಕಂಡ ಮುಖ ಅವಳಿಗೆ ಗುರುತಿತ್ತು. ಅದಕ್ಕೇ ಕ್ಯಾಮೆರಾ ಮರೆತುಹೋಯ್ತು. ಇಫೋಗಾದಲ್ಲಿ ಎತ್ತಿದ ಚಾಪೆ ಎತ್ತಿದ ಮನೆಗೆ ಸೇರುತ್ತೆ. ಅವಳು ಕದ್ದಿಲ್ಲ. ತನ್ನದು ಅಂತ ಒಯ್ದಳು. ಹೇಳು ತಾಯಿ, ಆ ಅಜ್ಜಿ ನಿನಗೇನಾಗ್ಬೇಕು?"

ತಾಲೀಯಾ ಕನ್ನಡಕ ತೆಗೆದಳು.

"ಅತ್ತೆ."

ಹದಿನೆಂಟು ವರ್ಷದ ಹಿಂದೆ ಪೆನಿನಾಳ ಮಗ ಪೌಲೋನನ್ನು ಮದುವೆಯಾಗಿ ಇದೇ ಮಾಂಗೆರೆಯಲ್ಲಿದ್ದಳಂತೆ. ಒಂದು ವಾರದ ನಾಟಕ ಎಂದು ಹೇಳಿ ಸಿಡ್ನಿಗೆ ಹೋದವಳು ಬೇರೆ ಹೆಸರಿಟ್ಟುಕೊಂಡು ಅಲ್ಲೇ ಉಳಿದಳು. ಪೌಲೋ ಕಾಯಿಲೆ ಬಿದ್ದ. ಸತ್ತ. ಮಣ್ಣಿಗೂ ಬರಲಿಲ್ಲ.

"ಕೂಲಿಗೆ ಬರೋ ಜನರ ಪಟ್ಟಿಯಲ್ಲಿ ಅವರ ಹೆಸರು ನೋಡ್ದಾಗಿಂದ ಅನ್ನ ಇಳಿದಿಲ್ಲ. ಅವರ ಮನೆ ಅಂಗಳಕ್ಕೆ ಹೋಗೋ ಧೈರ್ಯ ಇರಲಿಲ್ಲ. ಇಲ್ಲಾದ್ರೆ ನಾಟಕ ಅಂತ... ಮೂರು ಸಲ ಎತ್ತಿದ್ರು, ಮುಖ ನೋಡ್ಲಿಲ್ಲ, ಕ್ಯಾಮೆರಾ ನೋಡಿದ್ರು. ಪೌಲೋಗೆ ಈ ಮಲಗೋ ಚಾಪೇನಾ ಅನ್ನಿಸ್ತು. ಓಡಿಹೋಗಿ ಒಳ್ಳೇದು ತಂದೆ. ಆಮೇಲೆ ಅವರ ಕೈಯಿಂದ ಹೇಗೆ ಕಿತ್ಕೊಳ್ಳಲಿ?"

"ನನ್ನ ಅಮ್ಮನ ಚಾಪೆಯಲ್ಲಿ ನಿನ್ನ ತಪ್ಪು ಮುಚ್ಕೊಂಡ್ಯಾ?" ವಾಯಿ ಎದ್ದು ನಿಂತಳು. "ಬೆಳಿಗ್ಗೆ ನನ್ನ ಕಳ್ಳಿ ಅಂದಾಗ ಬಾಯಿ ಬಿದ್ದುಹೋಗಿತ್ತಾ?"

ತಾಲೀಯಾ ತಲೆ ತಗ್ಗಿಸಿದಳು. ನಾಯಕಿಯಂತೆ ಕಾಣಲಿಲ್ಲ.

ತಾಲೀಯಾಳನ್ನೂ ಕೂರಿಸಿಕೊಂಡು ಲೋಸಾಳೇ ವ್ಯಾನು ಓಡಿಸಿದಳು. ಪೆನಿನಾ ಅಜ್ಜಿ ಬಾಗಿಲಲ್ಲೇ ಕೂತು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು.

"ಬಂದ್ರಾ? ಊಟ ಆಯ್ತಾ?"

"ಅಜ್ಜೀ, ಅದು ನಮ್ಮಮ್ಮನ ಚಾಪೆ. ನಾಳೆ ದೊಡ್ಡಪ್ಪನ ಮಣ್ಣು. ಕೊಟ್ಬಿಡಿ," ವಾಯಿ ಮಂಡಿಯೂರಿಯೇಬಿಟ್ಟಳು.

ಅಜ್ಜಿಯ ಕೈ ನಿಂತಿತು. "ರೂತಾದಾ? ಅಯ್ಯೋ! ಇವಳದೇ ಅನ್ಕೊಂಡೆ." ತಾಲೀಯಾಳ ಕಡೆ ಬೆರಳು ಮಾಡಿದಳು. "ಇವಳಿದಾಳೆ ಅಂತ ಗೊತ್ತಿದ್ದೇ ಆ ಕೂಲಿಗೆ ಬಂದೆ ನಾನು. ನಾಲ್ಕು ದಿನ ನನ್ನ ಮುಂದೇನೇ ಓಡಾಡಿದ್ಲು. ಒಂದ್ಸಲ ಅತ್ತೆ ಅನ್ನಲಿಲ್ಲ. ಚಾಪೆ ಎತ್ತಿದೀನಿ ಮಗಳೇ. ಇವಳ ಕೈಗೆ ವಾಪಸ್ ಕೊಟ್ರೆ ಕ್ಷಮೆ ವಾಪಸ್ ತಗೊಂಡಂಗೆ. ಅದಾಗಲ್ಲ."

ವಾಯಿ ಅಳುವುದಕ್ಕೆ ಬಾಯಿ ತೆರೆದಳು.

"ಅಳಬೇಡ, ಕೇಳು. ಇವಳಿಗೆ ಕೊಡಲ್ಲ ಅಂದೆ. ರೂತಾಗೆ ಕೊಡಲ್ಲ ಅಂದ್ನಾ? ಇವತ್ತೇ ಬರ್ತೀನಿ. ನಡೆದದ್ದೆಲ್ಲ ಹೇಳಿ, ನಮ್ಮನೆಯಿಂದ ಅಂತ ಅವಳ ಕೈಗಿಡ್ತೀನಿ. ಬೈದ್ರೆ ಬೈಸ್ಕೊಳ್ಳೋಣ. ಆದ್ರೆ ನಾಳೆ ಸಾವಿನ ಮನೆ ಅಂಗಳದಲ್ಲಿ ಅದನ್ನ ಹರಡಿ ಹಿಡ್ಕೊಂಡು ನಡೆಯೋಳು ಇವಳು. ರೂತಾ ಒಪ್ಪಬೇಕು ಅಷ್ಟೇ."

"ಅತ್ತೇ, ಎಲ್ಲರೂ ಇರ್ತಾರೆ," ಎಂದಳು ತಾಲೀಯಾ.

"ಇರ್ಲಿ ಅಂತಾನೇ."

ರೂತಾ ಬೈದಳು. ಒಂದು ಗಂಟೆ ಬೈದಳು. ಆಮೇಲೆ ಒಪ್ಪಿದಳು.

ಶನಿವಾರ ಹತ್ತು ಗಂಟೆ. ಅಂಗಳದ ಎರಡೂ ಕಡೆ ಜನ. ಕಪ್ಪು ಬಟ್ಟೆಯುಟ್ಟ ತಾಲೀಯಾ ಚಾಪೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಹೊರಟಳು. ಹಿಂದೆ ರೂತಾ, ಅವಳ ಪಕ್ಕದಲ್ಲಿ ಪೆನಿನಾ ಅಜ್ಜಿ. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳನ್ನು ತಿವಿದು, ಎಲ್ಲರಿಗೂ ಕೇಳುವಂತೆಯೇ ಪಿಸುಗುಟ್ಟಿದಳು: "ಅಯ್ಯೋ, ಇವಳು ಟೀವಿಯ ಎಸೇತಾ ಅಲ್ವೇನೇ?"

ತಾಲೀಯಾ ನಿಂತಳು.

"ಅಲ್ಲಮ್ಮ," ಎಂದಳು. "ನಾನು ಪೌಲೋನ ಹೆಂಡ್ತಿ."

ಅಂಗಳ ಇನ್ನೂ ಅರ್ಧ ಉಳಿದಿತ್ತು. ನಡೆದಳು.