ಕಲ್ಲುಕೋರೆಯಲ್ಲಿ ದಕ್ಷಿಣ ಧ್ರುವ

“ಕೂ...!”

ಪ್ರಣೀತಾ ಕಲ್ಲುಕೋರೆಯ ಹತ್ತಿರ ನಿಂತು ಕೂಗು ಹಾಕಿದಳು. ಉತ್ತರವಿಲ್ಲ.

ಅವರ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ಗುಡ್ಡದಾಚೆಯಿಂದ ಯಾರಾದರೂ ‘ಕೂ’ ಎಂದರೆ ಕೇಳಿದವರು ತಿರುಗಿ ‘ಕೂ’ ಎನ್ನಲೇಬೇಕು. ಬಾಯಲ್ಲಿ ಅನ್ನವಿದ್ದರೆ ನುಂಗಿಯಾದರೂ ಹೇಳಬೇಕು. ಅಮ್ಮ ಒಮ್ಮೆಯೂ ತಪ್ಪಿಸಿದವಳಲ್ಲ.

“ಅಮ್ಮಾ... ಕೂ...!”

ಊಹೂಂ! ಪ್ರಣೀತಾ ಬಗ್ಗಿ ನೋಡಿದಳು.

ಕೆಂಪುಕಲ್ಲು ಕಡಿದು ಕಡಿದು ಬಾವಿಯಷ್ಟು ಆಳವಾಗಿದ್ದ ಹೊಂಡ. ಅದರೊಳಗೆ, ಹಗ್ಗದ ತುದಿಯಲ್ಲಿ ಅಮ್ಮ ನೇತಾಡುತ್ತಿದ್ದಳು. ತಲೆ ಒಂದು ಕಡೆ ವಾಲಿತ್ತು. ಕೈಗಳು ಜೋತುಬಿದ್ದಿದ್ದವು.

ಅಮ್ಮ ಡಾಕ್ಟರ್. ಬರುವ ತಿಂಗಳು ಅಂಟಾರ್ಕ್ಟಿಕಾಕ್ಕೆ ಹೊರಟವಳು. ಜೊತೆಗೆ ವಯರ್‌ಲೆಸ್ ನೋಡಿಕೊಳ್ಳುವ ಮುನೀರಾ ಆಂಟಿ, ಜನರೇಟರ್ ರಿಪೇರಿಯ ಅಕ್ಷಿತ್ ಅಂಕಲ್. ಮೂವರೂ ಈ ಕಡೆಯವರೇ. ಹಾಗಾಗಿ ಕಾಣಿಯೂರಿನ ಹಳೇ ಕೋರೆಯಲ್ಲಿ ಪ್ರಾಕ್ಟೀಸ್. “ಈ ಸೆಕೆಯಲ್ಲಿ ಎಂತ ಮಂಜುಗಡ್ಡೆ ಮಾರಾಯ್ರೆ!” ಎಂದು ಊರವರು ನಗುತ್ತಿದ್ದರು.

ಪ್ರಣೀತಾಳಿಗೆ ಮಾತ್ರ ಆ ಇಬ್ಬರನ್ನು ಕಂಡರಾಗದು. ಅಮ್ಮನನ್ನು ಕರೆದುಕೊಂಡು ಹೋಗುವವರು ಅವರೇ ಅಲ್ಲವೇ? ಇವತ್ತು ಅವಳಿಗೆ ಜೀಪಿನಲ್ಲೇ ಕೂತಿರಲು ಹೇಳಿದ್ದರು. ಇಲ್ಲಿ ಏನು ಮಾಡುತ್ತಾರೆಂದು ಹೇಳಿರಲಿಲ್ಲ. ದೊಡ್ಡವರ ಕೆಲಸವೇ ಹೀಗೆ ನೋಡಿ, ಮುಖ್ಯವಾದದ್ದನ್ನೇ ಹೇಳುವುದಿಲ್ಲ!

“ಅಯ್ಯೋ, ಅಮ್ಮನಿಗೆ ಎಂತಾಯ್ತು? ಮೇಲೆ ಎಳೀರಿ!”

ಪ್ರಣೀತಾ ಓಡಿಹೋಗಿ, ಹಗ್ಗ ಹಿಡಿದಿದ್ದ ಮುನೀರಾಳ ತೋಳಿಗೆ ಜೋತುಬಿದ್ದಳು. ಗಂಟು ಬಿಗಿಯಲೆಂದು ಮುನೀರಾ ಆಗಷ್ಟೇ ಗ್ಲೌಸ್ ತೆಗೆದಿದ್ದಳು. ಹಗ್ಗ ಸರ್ರನೆ ಜಾರಿತು. ಕೆಳಗಿನಿಂದ ‘ಧಪ್’ ಎಂದು ಸದ್ದು ಬಂತು.

“ಬಿಡು ಮಾರಾಯ್ತಿ, ಬಿಡು! ಇದು ಬರೀ ಪ್ರಾಕ್ಟೀಸ್!” ಹಿಂದೆ ಹಗ್ಗ ಹಿಡಿದಿದ್ದ ಅಕ್ಷಿತ್ ಕಿರುಚಿದ.

ಪ್ರಣೀತಾ ಕೈ ಬಿಟ್ಟಳು. ಅಮ್ಮ ಹೊಂಡದ ಗೋಡೆಗೆ ಬಡಿದಿದ್ದಳು. ಆದರೂ ಒಂದು ‘ಅಯ್ಯೋ’ ಇಲ್ಲ, ಒಂದು ‘ಅಮ್ಮಾ’ ಇಲ್ಲ! ಪ್ರಣೀತಾಳಿಗೆ ಅಳಲೂ ಬರಲಿಲ್ಲ.

ಮುನೀರಾ ಮತ್ತು ಅಕ್ಷಿತ್ ಸ್ವಲ್ಪಸ್ವಲ್ಪವೇ ಹಗ್ಗ ಎಳೆದರು. ಅಮ್ಮನನ್ನು ಮೇಲೆ ತಂದು ಮಲಗಿಸಿದರು. ಆಗ ಅಮ್ಮ ಫಕ್ಕನೆ ಕಣ್ಣು ಬಿಟ್ಟಳು. ಮೊಣಕೈಯಿಂದ ರಕ್ತ ಬರುತ್ತಿತ್ತು.

“ನಾನು ಕರೆದದ್ದು ನಿಂಗೆ ಕೇಳಿತ್ತಾ?” ಪ್ರಣೀತಾ ಕೇಳಿದಳು.

“ಕೇಳಿತ್ತು ಮಗಾ.”

“ಮತ್ತೆ ಯಾಕೆ ಕೂ ಹಾಕ್ಲಿಲ್ಲ?” ಈಗ ಅಳು ಒತ್ತರಿಸಿ ಬಂತು.

ಅಮ್ಮ ಅವಳನ್ನು ತಬ್ಬಿಕೊಂಡಳು. “ಅಲ್ಲಿ ಹಿಮದ ಬಿರುಕಿಗೆ ಬಿದ್ದು ಪ್ರಜ್ಞೆ ಹೋದ್ರೆ ಮಾತಾಡ್ಲಿಕ್ಕೆ ಆಗ್ತದಾ? ನಾನು ಬಾಯಿ ಬಿಡದೇ ಇದ್ರೂ ಇವರು ನನ್ನನ್ನು ಮೇಲೆ ತರ್ಬೇಕು. ಅದನ್ನೇ ಇವತ್ತು ಕಲಿಯುದು. ನಿನ್ನ ಕೂಗು ಕೇಳಿ ಹಲ್ಲು ಕಚ್ಚಿ ಸುಮ್ಮನಿದ್ದೆ. ನಿಂಗೆ ಮೊದಲೇ ಹೇಳ್ಬೇಕಿತ್ತು, ನನ್ನದೇ ತಪ್ಪು.”

ಪ್ರಣೀತಾ ಕಣ್ಣೊರೆಸಿಕೊಂಡಳು. ಆಗ ಕಂಡಿತು, ಮುನೀರಾ ಆಂಟಿ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು.

“ಆಂಟಿ, ಕೈ ತೋರ್ಸಿ.”

“ಎಂತ ಇಲ್ಲ, ಬಿಡು.”

ಪ್ರಣೀತಾ ಬಿಡಲಿಲ್ಲ. ಹಿಂದೆ ಹೋಗಿ ನೋಡಿದವಳು ದಂಗಾದಳು. ಅಂಗೈಗಳ ಚರ್ಮ ಕಿತ್ತು ಬಂದಿತ್ತು. ಹಗ್ಗ ಬಿಟ್ಟಿದ್ದರೆ ಕೈಗೆ ಏನೂ ಆಗುತ್ತಿರಲಿಲ್ಲ. ಆಂಟಿ ಬಿಟ್ಟಿರಲಿಲ್ಲ.

ಅಮ್ಮ ಮದ್ದಿನ ಪೆಟ್ಟಿಗೆ ತೆರೆದು ತನ್ನ ಮೊಣಕೈಗೆ ಹತ್ತಿ ಒತ್ತಿಕೊಳ್ಳುತ್ತಿದ್ದಳು. ಪ್ರಣೀತಾ ಮುನೀರಾಳನ್ನು ತೋಳು ಹಿಡಿದು ಕರೆತಂದು ಅಮ್ಮನ ಎದುರು ಕೂರಿಸಿದಳು.

“ಅಮ್ಮಾ, ನಿಂದು ಆಮೇಲೆ. ಮೊದಲು ಆಂಟಿಯ ಕೈಗೆ ಮದ್ದು ಹಾಕು. ಅಲ್ಲಿಗೆ ಹೋಗುವಷ್ಟರಲ್ಲಿ ಗುಣ ಆಗ್ಬೇಕಲ್ಲ.”