ರಿಪೇರಿ ಕಟ್ಟೆಯ ಕಳವು

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹಲ್ಲಿನ ಡಾಕ್ಟರಮ್ಮ ಕುರ್ಚಿಯ ತುದಿಯಲ್ಲಿ ಕೂತು, "ನನ್ನ ಕಟ್ಟೆ ಕಳುವಾಗಿದೆ" ಎಂದರು.

ದಫೇದಾರರು ಬರೆಯುತ್ತಿದ್ದ ಪೆನ್ನನ್ನು ಎತ್ತಿ ಹಿಡಿದರು. "ಕಲ್ಲಿಂದೋ, ಸಿಮೆಂಟಿಂದೋ?"

ಕಲ್ಲು ಕದ್ದವರನ್ನು ಅವರು ತಮ್ಮ ಸರ್ವಿಸಿನಲ್ಲಿ ಹಿಡಿದದ್ದುಂಟು. ಕಟ್ಟೆಯನ್ನೇ ಹೊತ್ತುಕೊಂಡು ಹೋದವನ ಸುದ್ದಿ ಇದೇ ಮೊದಲು.

"ಇಂಟರ್ನೆಟ್ಟಿನ ಕಟ್ಟೆ. ರಿಪೇರಿ ಕಟ್ಟೆ ಅಂತ."

ಒಳಗಿನ ಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ತಲೆ ಎತ್ತಿದರು. ಹಿಂದಿನ ತಿಂಗಳು ಅವರ ಮನೆಯ ಮಿಕ್ಸಿ ಕೆಟ್ಟಾಗ ಗಂಡ ಅದೇ ಕಟ್ಟೆಗೆ ಫೋಟೊ ಹಾಕಿ, ಬಂದ ಉತ್ತರ ಓದಿಕೊಂಡು, ಅರ್ಧ ಗಂಟೆಯಲ್ಲಿ ಸರಿ ಮಾಡಿ, ಆಮೇಲೆ ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದ್ದರು. ದೂರುದಾರರನ್ನು ಒಳಗೆ ಕರೆಸಿ, ದಫೇದಾರರಿಗೂ ಕೂರಲು ಹೇಳಿದರು.

ವಿಷಯ ಇಷ್ಟು. ಫ್ಯಾನು, ಮಿಕ್ಸಿ, ವಾಷಿಂಗ್ ಮೆಷಿನ್ನು ಕೆಟ್ಟವರು ಆ ಕಟ್ಟೆಯಲ್ಲಿ ಪ್ರಶ್ನೆ ಹಾಕುತ್ತಾರೆ, ಗೊತ್ತಿದ್ದವರು ಉತ್ತರ ಬರೆಯುತ್ತಾರೆ. ಏಳು ವರ್ಷದ ಹಿಂದೆ ಡಾಕ್ಟರಮ್ಮ ಹತ್ತು ಜನರೊಂದಿಗೆ ಶುರು ಮಾಡಿದ್ದು ಈಗ ನಲವತ್ತು ಸಾವಿರ ಜನರದ್ದಾಗಿದೆ. ಬಂದ ಪ್ರತಿ ಬರಹ ಓದುವುದು, ಬೈಗುಳ ಅಳಿಸುವುದು, ಜಗಳ ಬಿಡಿಸುವುದು, ಬಿಡಿಸಿದ ಮೇಲೆ ಎರಡೂ ಕಡೆಯವರಿಂದ ಬೈಸಿಕೊಳ್ಳುವುದು, ಇಷ್ಟನ್ನೂ ಅವರೊಬ್ಬರೇ ಮಾಡುತ್ತಾರೆ. ಭಾನುವಾರ ಬೆಳಗ್ಗೆ ನೋಡಿದರೆ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ಅವರ ಹೆಸರಿನಲ್ಲಿ ಬೇರೆ ಯಾರೋ ಕೂತು ಕಟ್ಟೆ ನಡೆಸುತ್ತಿದ್ದರು.

"ಸಂಬಳ ಎಷ್ಟು?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ."

"ಮತ್ತೆ ಯಾಕೆ ಮಾಡ್ತೀರಿ?"

"ಹಲ್ಲು ಕೀಳಿಸಿಕೊಂಡವರು ಯಾರೂ ನಗ್ತಾ ಹೋಗಲ್ಲ ಮೇಡಂ. ಫ್ಯಾನು ತಿರುಗಿದವರು ಫೋಟೊ ಕಳಿಸ್ತಾರೆ."

"ಕದ್ದವನು ಏನು ಹಾಳು ಮಾಡಿದಾನೆ?"

"ಅದೇ ಮೇಡಂ. ಏನೂ ಹಾಳು ಮಾಡಿಲ್ಲ. ಚೆನ್ನಾಗೇ ನಡೆಸ್ತಿದಾನೆ. 'ಅಕ್ಕಾ, ಈಗೀಗ ನಿಮ್ಮ ಉತ್ತರ ಬೇಗ ಬರ್ತಿದೆ' ಅಂತ ಇವತ್ತು ಬೆಳಗ್ಗೆ ಒಬ್ಬರು ಬರೆದಿದಾರೆ." ಅವರು ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಏಳು ವರ್ಷದಲ್ಲಿ ನಂಗೆ ಯಾರೂ ಹಾಗೆ ಬರೆದಿರಲಿಲ್ಲ."

ದಫೇದಾರರು ನಗು ನುಂಗಿ ಕಿಟಕಿಯ ಕಡೆ ನೋಡಿದರು. ಡಾಕ್ಟರಮ್ಮ ಅದನ್ನು ಕಂಡರೂ ಮುನಿಯಲಿಲ್ಲ. "ನಗೋ ವಿಷಯ ಅಲ್ಲ ಸಾರ್. ಮೈಕ್ರೋವೇವ್ ಒಲೆ ಬಿಚ್ಚೋದು ಹೇಗೆ ಅಂತ ವಾರಕ್ಕೊಬ್ಬರು ಕೇಳ್ತಾರೆ. ಪ್ಲಗ್ ಕಿತ್ತ ಮೇಲೂ ಅದರ ಒಳಗೆ ಕರೆಂಟು ಉಳಿದಿರುತ್ತೆ, ಮುಟ್ಟಿದರೆ ಜೀವ ಹೋಗುತ್ತೆ. 'ಬಿಚ್ಚಿ ನೋಡಿ, ಏನೂ ಆಗಲ್ಲ' ಅಂತ ಯಾರಾದರೂ ಬರೆದ ತಕ್ಷಣ ನಾನು ಅಳಿಸ್ತೀನಿ. ಈಗ ಅಲ್ಲಿ ಕೂತವನ ಕಣ್ಣಿಗೆ ಒಂದು ಸಲ ತಪ್ಪಿದರೆ?"

ನಗು ಅಲ್ಲಿಗೆ ನಿಂತಿತು. ಹನ್ನೊಂದು ಗಂಟೆಗೆ ಎಫ್.ಐ.ಆರ್. ದಾಖಲಾಯಿತು.

ದೂರುದಾರರ ಮನೆಯೊಳಗಿನಿಂದಲೇ ತನಿಖೆ ಶುರು ಮಾಡುವುದು ಇನ್ಸ್‌ಪೆಕ್ಟರರ ಪದ್ಧತಿ. ಡಾಕ್ಟರಮ್ಮನ ಗಂಡ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಮಧ್ಯಾಹ್ನ ಶಾಲೆಯ ಸ್ಟಾಫ್ ರೂಮಿನಲ್ಲಿ, ಗ್ಲೋಬುಗಳ ನಡುವೆ, ಅವರ ವಿಚಾರಣೆ ನಡೆಯಿತು.

"ನಿಮ್ಮ ಹೆಂಡತಿಯ ಪಾಸ್‌ವರ್ಡ್ ಗೊತ್ತಿತ್ತಾ?"

"ಇಲ್ಲ."

"ಕಟ್ಟೆ ಕಳುವಾಗಿದ್ದಕ್ಕೆ ನಿಮಗೆ ಬೇಜಾರಾಗಿದೆಯಾ?"

ಮೇಷ್ಟ್ರು ಆ ಕಡೆ ಈ ಕಡೆ ನೋಡಿದರು. "ನಿನ್ನೆ ಅವಳು ನನ್ನ ಎದುರಿಗೇ ಕೂತು ಊಟ ಮಾಡಿದಳು ಮೇಡಂ. ಫೋನ್ ಮುಟ್ಟಲಿಲ್ಲ. ನನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯ್ತು ಅಂತ ಕೇಳಿದಳು." ದನಿ ತಗ್ಗಿಸಿದರು. "ಕಳ್ಳ ಸಿಕ್ಕೇ ಸಿಗ್ತಾನೆ ಬಿಡಿ. ಅವಸರ ಏನೂ ಇಲ್ಲ."

"ಕದ್ದವರು ನೀವೇನಾ?"

"ಅಷ್ಟು ಧೈರ್ಯ ಇದ್ದಿದ್ದರೆ ಐದು ವರ್ಷದ ಹಿಂದೇನೇ ಕದೀತಿದ್ದೆ."

ಇನ್ಸ್‌ಪೆಕ್ಟರಿಗೆ ಆ ಮಾತು ಸತ್ಯವೆನ್ನಿಸಿತು. ಶಂಕಿತರ ಪಟ್ಟಿಯಿಂದ ಮೇಷ್ಟ್ರ ಹೆಸರು ಅಲ್ಲಿಗೇ ಬಿಟ್ಟುಹೋಯಿತು.

ಕಟ್ಟೆಯ ಸರ್ವರ್ ಇಟ್ಟುಕೊಂಡಿದ್ದ ಕಂಪನಿಗೆ ಅಂದೇ ಪತ್ರ ಹೋಯಿತು. ಬುಧವಾರ ಬಂದ ಉತ್ತರದ ಪ್ರಕಾರ ಯಾರೂ ಬೀಗ ಮುರಿದಿರಲಿಲ್ಲ. ಪಾಸ್‌ವರ್ಡ್ ಮರೆತವರಿಗೆ ಕೇಳುವ ಗುಟ್ಟಿನ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟು ಒಳಗೆ ಹೋಗಿದ್ದರು. ನೀವು ಮೊದಲು ರಿಪೇರಿ ಮಾಡಿದ ವಸ್ತು ಯಾವುದು ಎಂಬುದೇ ಆ ಪ್ರಶ್ನೆ. ಒಳಗೆ ಹೋದವರು ಅದನ್ನೂ ಬದಲಿಸಿಬಿಟ್ಟಿದ್ದರು.

"ಸೋದರತ್ತೆಯ ಟೇಬಲ್ ಫ್ಯಾನು," ಎಂದರು ಡಾಕ್ಟರಮ್ಮ ಫೋನಿನಲ್ಲಿ. "ಅದು ಯಾರಿಗೆ ಗೊತ್ತಿರುತ್ತೆ?"

"ಯಾರಿಗಾದರೂ ಹೇಳಿದ್ರಾ?"

"ಅಯ್ಯೋ. ಕಟ್ಟೆಯ ವಾರ್ಷಿಕೋತ್ಸವಕ್ಕೆ ಉದ್ದಕ್ಕೆ ಬರೆದಿದ್ದೆ."

"ಹಾಗಾದ್ರೆ ನಲವತ್ತು ಸಾವಿರ ಜನಕ್ಕೆ ಗೊತ್ತು," ಎಂದರು ಇನ್ಸ್‌ಪೆಕ್ಟರ್.

ಅಷ್ಟು ಜನರಲ್ಲಿ ಯಾರು? ಅಳಿಸಿದ್ದೂ ಸೇರಿದಂತೆ ಕಟ್ಟೆಯಲ್ಲಿ ನಡೆದದ್ದೆಲ್ಲದರ ದಾಖಲೆಯನ್ನೂ ಕಂಪನಿ ಕಳಿಸಿತ್ತು; ಅದನ್ನು ಇನ್ಸ್‌ಪೆಕ್ಟರ್ ಮತ್ತು ದಫೇದಾರರು ಠಾಣೆಯ ಕಂಪ್ಯೂಟರಿನಲ್ಲಿ ಕೂತು ಓದಿದರು. ಓದುತ್ತ ಹೋದಂತೆ ದಫೇದಾರರಿಗೆ ರುಚಿ ಹತ್ತಿತು. "ನೋಡಿ ಮೇಡಂ, ಇಸ್ತ್ರಿಪೆಟ್ಟಿಗೆ ವಿಷಯಕ್ಕೆ ಇಬ್ಬರು ಕೈ ಕೈ ಮಿಲಾಯಿಸೋದೊಂದು ಬಾಕಿ. ಠಾಣೆಯಲ್ಲಾದರೆ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿಬಿಡಬಹುದು. ಇಲ್ಲಿ ಬೆಂಚೂ ಇಲ್ಲ. ಆ ಡಾಕ್ಟರಮ್ಮ ಹೇಗೆ ತಡ್ಕೊಂಡಿದ್ರೋ."

ಸಂಜೆಯ ಹೊತ್ತಿಗೆ ಇನ್ಸ್‌ಪೆಕ್ಟರರ ಕಣ್ಣಿಗೆ ಒಂದು ವಿಷಯ ಬಿತ್ತು. ಹೊಸಬ ಬಂದ ದಿನವೇ ಒಬ್ಬನೇ ಒಬ್ಬ ಸದಸ್ಯನ ಅಳಿಸಿದ ಬರಹಗಳೆಲ್ಲ ವಾಪಸು ಬಂದಿದ್ದವು. 'ಸ್ಪಾನರ್' ಎಂಬ ಅಡ್ಡಹೆಸರಿನ ಆಸಾಮಿ. ಡಾಕ್ಟರಮ್ಮನನ್ನು ಕೇಳಿದರೆ ನಿಟ್ಟುಸಿರು ಬಿಟ್ಟರು. "ಅವರಿಗೆ ಗೊತ್ತಿಲ್ಲದ್ದಿಲ್ಲ. ಆದ್ರೆ ಉತ್ತರ ಹೇಳೋ ಮೊದಲು ಪ್ರಶ್ನೆ ಕೇಳಿದವರಿಗೆ ಮಂಗಳಾರತಿ ಎತ್ತೋರು. ಮೂರು ಸಲ ಎಚ್ಚರಿಕೆ ಕೊಟ್ಟೆ. ಕೊನೆಗೆ ಹೊರಗೆ ಹಾಕಿದೆ."

ಇನ್ನೂ ಒಂದು ವಿಚಿತ್ರವಿತ್ತು. ಸ್ಪಾನರನ ಬರಹಗಳಲ್ಲಿ ಮೈಕ್ರೋವೇವ್ ಒಲೆ ಬಿಚ್ಚುವ ಬಗ್ಗೆ ಬರೆದದ್ದೊಂದು ಭಾನುವಾರ ಬೆಳಗ್ಗೆ ವಾಪಸು ಬಂದು, ಅದೇ ಸಂಜೆ ಮತ್ತೆ ಅಳಿಸಿಹೋಗಿತ್ತು.

"ತಾನು ಬರೆದದ್ದನ್ನ ತಾನೇ ಯಾಕೆ ಅಳಿಸ್ತಾನೆ?" ದಫೇದಾರರು ಕೇಳಿದರು.

"ಅವನನ್ನೇ ಕೇಳೋಣ," ಎಂದರು ಇನ್ಸ್‌ಪೆಕ್ಟರ್. ಇಂಟರ್ನೆಟ್ ಕಂಪನಿಯಿಂದ ವಿಳಾಸ ಬಂದಿತ್ತು.

ಗುರುವಾರ ಬೆಳಗ್ಗೆ ಮೂರನೇ ಮಹಡಿಯ ಮನೆಯ ಬಾಗಿಲು ತೆರೆದ ಹೆಂಗಸು ಇಬ್ಬರ ಸಮವಸ್ತ್ರವನ್ನೂ ನೋಡಿ ಬೆಚ್ಚಲಿಲ್ಲ. "ನಮ್ಮನೆಯವರನ್ನ ಹುಡುಕ್ಕೊಂಡು ಬಂದ್ರಾ? ಬನ್ನಿ. ಭಾನುವಾರದಿಂದ ಆ ಕುರ್ಚಿ ಬಿಟ್ಟು ಎದ್ದಿಲ್ಲ. ಕೆಲಸಕ್ಕೂ ರಜೆ. ಏನ್ರೀ ಅಂದ್ರೆ, 'ಜನ ಕಾಯ್ತಿದಾರೆ ಕಣೇ' ಅಂತಾರೆ. ಯಾವ ಜನವೋ, ಎಲ್ಲಿ ಕಾಯ್ತಿದಾರೋ."

ಒಳಗೆ ಲ್ಯಾಪ್‌ಟಾಪಿನ ಮುಂದೆ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಕೂತಿದ್ದ. ಗಡ್ಡ ಬೆಳೆದು ಕಣ್ಣು ಕೆಂಪಾಗಿತ್ತು. ಪಕ್ಕದಲ್ಲಿ ಟೀ ಆರಿ ಕೆನೆಗಟ್ಟಿತ್ತು. ಪೊಲೀಸರನ್ನು ಕಂಡು ಅವನ ಮುಖ ಅರಳಿತು.

"ಬಂದ್ರಾ ಮೇಡಂ? ಸದ್ಯ. ಎರಡೇ ನಿಮಿಷ ಕೊಡಿ. ಇಲ್ಲಿ ಇಬ್ಬರು ನೀರಿನ ಪಂಪಿನ ವಿಷಯಕ್ಕೆ ಅಪ್ಪ ಅಮ್ಮನ ತನಕ ಹೋಗಿದಾರೆ."

"ಕೈ ತೆಗೀರಿ."

"ನಾನು ಬಿಟ್ಟರೆ ತಾತನ ತನಕ ಹೋಗ್ತಾರೆ."

"ಅದು ಸಾಕ್ಷ್ಯ. ಇನ್ನು ಮುಟ್ಟಬೇಡಿ."

ಅವನು ಕೈ ಮಡಿಲಲ್ಲಿ ಇಟ್ಟುಕೊಂಡ. ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆಸಿ, ದಫೇದಾರರು ಪಂಚನಾಮೆ ಬರೆಯತೊಡಗಿದರು. ಲ್ಯಾಪ್‌ಟಾಪು ಒಂದು, ಬಣ್ಣ ಕಪ್ಪು, ಮೂಲೆಯಲ್ಲಿ ಬಿರುಕು. ಅದು ಟಿಣ್ ಟಿಣ್ ಎನ್ನುತ್ತಲೇ ಇತ್ತು, ಪ್ರತಿ ಸದ್ದಿಗೂ ಅವನ ಭುಜ ಜಗ್ಗುತ್ತಿತ್ತು. ಪಂಚರಲ್ಲಿ ಒಬ್ಬರು ಮೆಲ್ಲಗೆ, "ಕಟ್ಟೆ ನಡೆಸೋರು ನೀವೇನಾ? ನಮ್ಮ ಫ್ರಿಜ್ಜು ನೀರು ಸೋರುತ್ತೆ" ಎಂದು ಶುರು ಮಾಡಿದವರು, ಇನ್ಸ್‌ಪೆಕ್ಟರರ ನೋಟಕ್ಕೆ ಸುಮ್ಮನಾದರು.

ಅಷ್ಟರಲ್ಲಿ ಅವನು ಕುರ್ಚಿಯಿಂದ ಅರ್ಧ ಎದ್ದ. "ಮೇಡಂ, ಅದನ್ನ ಓದಿ. ದಮ್ಮಯ್ಯ ಅಂತೀನಿ, ಓದಿ."

ಇನ್ಸ್‌ಪೆಕ್ಟರ್ ಬಗ್ಗಿ ಓದಿದರು. ಯಾರೋ ಈಗಷ್ಟೇ ಬರೆದಿದ್ದರು: ಮೈಕ್ರೋವೇವಿನ ಆರು ಸ್ಕ್ರೂ ಬಿಚ್ಚಿದೆ, ಮುಚ್ಚಳ ತೆಗೆದಾಯ್ತು, ಈಗ ಒಳಗೆ ಯಾವ ವೈರು ಎಳೀಬೇಕು, ಬೇಗ ಹೇಳಿ.

ಆರೋಪಿಗೆ ಮುಟ್ಟಲು ಬಿಡುವಂತಿಲ್ಲ. ತಾವೇ ಮುಟ್ಟಿದರೂ ಸಾಕ್ಷ್ಯ ಕೆಡುತ್ತದೆ. ಫೋನ್ ತೆಗೆದು ಕ್ಲಿನಿಕ್ಕಿಗೆ ಹಚ್ಚಿದರು.

"ಡಾಕ್ಟ್ರೇ, ಒಬ್ಬರು ಮೈಕ್ರೋವೇವ್ ಬಿಚ್ಚಿ ಕೂತಿದಾರೆ."

"ಇಲ್ಲಿ ಪೇಷಂಟು ಬಾಯಿ ತೆರೆದು ಮಲಗಿದಾರೆ. ಇರಲಿ, ಹೇಳಿ, ಕಂಪ್ಯೂಟರ್ ಮುಂದೆ ಬಂದೆ. ಪಾಸ್‌ವರ್ಡ್?"

ಇನ್ಸ್‌ಪೆಕ್ಟರ್ ಅವನ ಕಡೆ ತಿರುಗಿದರು. ಅವನ ಕಿವಿ ಕೆಂಪಾಯಿತು. "ನನಗೂ ಮಾತಾಡಲು ಬಿಡಿ," ಎಂದ.

"ಆಮೇಲೆ ಮಾತಾಡಿ. ಮೊದಲು ಪಾಸ್‌ವರ್ಡ್ ಹೇಳಿ."

"ಅದೇ ಮೇಡಂ ಪಾಸ್‌ವರ್ಡು. ನನಗೂಮಾತಾಡಲುಬಿಡಿ. ನಡುವೆ ಜಾಗ ಇಲ್ಲ."

ಅಕ್ಷರ ಅಕ್ಷರವಾಗಿ ಅದು ಫೋನಿನಲ್ಲಿ ಹೋಯಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಪರದೆಯ ಮೇಲೆ ಡಾಕ್ಟರಮ್ಮನ ಉತ್ತರ ಮೂಡಿತು: ಕೈ ತೆಗೆಯಿರಿ. ಏನನ್ನೂ ಮುಟ್ಟಬೇಡಿ. ದೂರ ಸರಿದು ನಿಂತು ನನಗೆ ಬರೆಯಿರಿ.

ಟಿಣ್ ಎಂದಿತು. 'ಸರಿ ಅಕ್ಕಾ, ದೂರ ಬಂದೆ. ಅಂಗಡಿಗೇ ಒಯ್ತೀನಿ. ಯಾಕೆ, ಅಷ್ಟು ಅಪಾಯನಾ?'

ದಫೇದಾರರು ಗೋಡೆಗೆ ಒರಗಿದರು. ಆರೋಪಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದ. ಇನ್ಸ್‌ಪೆಕ್ಟರಿಗೂ ನಗು ಬಂತು; ತಡೆಯಲು ಹೋಗಲಿಲ್ಲ. ಹನ್ನೊಂದೂವರೆಗೆ ಬಂಧನವಾಯಿತು. ಪಾಸ್‌ವರ್ಡು ಪಂಚನಾಮೆಯಲ್ಲಿ ಸೇರಿತು, ಪಂಚರು ರುಜು ಹಾಕಿದರು.

ಠಾಣೆಯಲ್ಲಿ ಅವನು ಯಾವುದನ್ನೂ ಮುಚ್ಚಿಡಲಿಲ್ಲ. ಹದಿನೆಂಟು ವರ್ಷ ವಾಷಿಂಗ್ ಮೆಷಿನ್ ಕಂಪನಿಯೊಂದರ ಮೆಕ್ಯಾನಿಕ್ಕಾಗಿ ಮನೆ ಮನೆ ಸುತ್ತಿದ್ದ. ಮಂಡಿ ಕೈಕೊಟ್ಟ ಮೇಲೆ ಕಂಪನಿ ಅವನನ್ನು ಫೋನಿನ ಕೋಣೆಯಲ್ಲಿ ಕೂರಿಸಿತು.

"ಅಲ್ಲಿ ಮೂರೇ ಮಾತು ಮೇಡಂ. ನಮಸ್ಕಾರ. ನಿಮ್ಮ ದೂರು ದಾಖಲಾಗಿದೆ. ನಮ್ಮವರು ಬರ್ತಾರೆ. ನೀರು ಹೊರಗೆ ಹೋಗ್ತಿಲ್ಲ ಅಂತ ಒಬ್ಬರು ತಾಯಿ ಅಳ್ತಿರ್ತಾರೆ. ಕೆಳಗಿನ ಜಾಲರಿಯಲ್ಲಿ ಕಸ ಕಟ್ಟಿದೆ, ಒಂದು ನಿಮಿಷದ ಕೆಲಸ. ನಂಗೆ ಗೊತ್ತು. ಹೇಳಿದರೆ ಮೆಮೊ ಕೊಡ್ತಾರೆ. ದಿನವೆಲ್ಲ ನುಂಗಿಕೊಂಡು ಮನೆಗೆ ಬಂದು ಕಟ್ಟೆಯಲ್ಲಿ ಕಕ್ಕುತ್ತಿದ್ದೆ. ಬೈಗುಳವೂ ಜೊತೆಗೇ ಬರೋದು. ಹೊರಗೆ ಹಾಕಿದರು, ಸರಿಯೇ. ನನ್ನ ಬರಹ ವಾಪಸು ಹಾಕಿ ಹೊರಟುಬಿಡೋಣ ಅಂತ ಒಳಗೆ ಹೋದೆ. ಹೋದರೆ ಅಲ್ಲಿ ಅಷ್ಟು ಜನ ಕಾಯ್ತಿದಾರೆ. ಹೇಗೆ ಎದ್ದು ಬರಲಿ?"

ಡಾಕ್ಟರಮ್ಮ ಮುಖದ ಮಾಸ್ಕನ್ನು ಗದ್ದಕ್ಕಿಳಿಸಿಕೊಂಡೇ ಬಂದರು. ಅವನನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರಂತೆ. ಎದುರು ಕೂತು ಕೇಳಿದ್ದು ಮಾತ್ರ ಬೇರೆ.

"ಆ ಮೈಕ್ರೋವೇವ್ ಬರಹ ನೀವೇ ಯಾಕೆ ಅಳಿಸಿದ್ರಿ?"

"ನಾನು ಬರೆಯುವಾಗ ನನ್ನ ಕೈ ಕಣ್ಣ ಮುಂದಿತ್ತು ಡಾಕ್ಟ್ರೇ, ಪಳಗಿದ ಕೈ. ನಿಮ್ಮ ಜಾಗದಲ್ಲಿ ಕೂತಾಗ ಓದೋರ ಕೈ ಕಾಣಿಸ್ತು."

ಡಾಕ್ಟರಮ್ಮ ಗದ್ದದ ಮಾಸ್ಕನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. "ಕೇಸು ಕೇಸೇ, ಅದನ್ನ ಮುಗಿಸಿಕೊಳ್ಳಿ. ಮುಗಿದ ಮೇಲೆ ನನ್ನ ಜೊತೆ ಕಟ್ಟೆ ನೋಡ್ಕೊಳ್ತೀರಾ? ನಿಮ್ಮ ಹೆಸರಲ್ಲಿ?"

"ಬೇಡ ಡಾಕ್ಟ್ರೇ, ಆ ಕೆಲಸ ಬೇಡವೇ ಬೇಡ. ನಾಲ್ಕು ದಿನಕ್ಕೇ ನಂಗೆ ಸಾಕು ಸಾಕಾಯ್ತು. ಉತ್ತರ ಬರೆಯೋಕೆ ಬಿಡಿ. ಬೈಯಲ್ಲ."

"ಬೈದರೆ ಅಳಿಸ್ತೀನಿ."

"ಅಳಿಸಿ."

ಇಬ್ಬರೂ ನಕ್ಕರು. ಸಂಜೆ ಜಾಮೀನು ಸಿಕ್ಕಿ, ಹೆಂಡತಿಯ ಜೊತೆ ಆಟೋ ಹತ್ತಿದವನು ಸೀಟಿಗೊರಗುತ್ತಲೇ ನಿದ್ದೆ ಹೋದನಂತೆ.

ದಫೇದಾರರು ವರದಿ ಬರೆಯುತ್ತ ಪೆನ್ನು ನಿಲ್ಲಿಸಿದರು. "ಅಪರಾಧದ ಉದ್ದೇಶ ಏನಂತ ಹಾಕಲಿ ಮೇಡಂ? ಹಳೇ ದ್ವೇಷ ಅಂತ ಬರೆದರೆ ನಡೆಯುತ್ತೆ."

ಇನ್ಸ್‌ಪೆಕ್ಟರ್ ಕಾಗದವನ್ನು ತಮ್ಮ ಕಡೆ ಎಳೆದುಕೊಂಡು ತಾವೇ ಬರೆದರು: ಆರೋಪಿಗೆ ಗೊತ್ತಿದ್ದದ್ದನ್ನು ಹೇಳಿಕೊಳ್ಳಲು ಬೇರೆ ಜಾಗ ಇರಲಿಲ್ಲ.

"ಮೇಲಿನ ಸಾಹೇಬರು ಒಪ್ಪಲ್ಲ," ಎಂದರು ದಫೇದಾರರು.

"ಇರಲಿ, ಓದಲಿ," ಎಂದು ಇನ್ಸ್‌ಪೆಕ್ಟರ್ ರುಜು ಹಾಕಿದರು.