ಧನ್ಯವಾದದ ಕಾರ್ಡಿಗೆ ಹಚ್ಚಿದ ಅರಿಶಿಣ

"ಗಾಬರಿ ಆಗಬ್ಯಾಡ್ರಿ. ಇನ್ನೊಮ್ಮೆ ಹೇಳ್ರಿ, ನಾನು ಕೇಳ್ತೀನಿ."

ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಶಿಕ್ಷಕಿ ಕೆಲಸದ ಸಂದರ್ಶನ ಮಾಡಲು ನಾಲ್ವರು ಕೂತಿದ್ದರು. ಮೂವರು ಸೌಭಾಗ್ಯಳನ್ನು ಯಾರ ಮಗಳು, ಯಾವ ಪೈಕಿ ಎಂದಷ್ಟೇ ಕೇಳಿದರು. ಬೋರ್ಡಿನ ಮುಂದೆ ತಡವರಿಸಿದವಳಿಗೆ ಧೈರ್ಯ ಹೇಳಿದ್ದು ವಿಜ್ಞಾನದ ಮೇಷ್ಟ್ರು ಗಂಗಾಧರ ಒಬ್ಬನೇ.

ಅಷ್ಟೇ! ತನ್ನೂರು ತಂಬ್ರಹಳ್ಳಿ ಮುಟ್ಟುವವರೆಗೂ ಅವಳು ಆ ಮಾತನ್ನೇ ಮೆಲುಕು ಹಾಕುತ್ತಿದ್ದಳು.

ಈ ಕೆಲಸ ಸಿಗದಿದ್ದರೆ ಮಾಗಳದ ಸೋದರಮಾವನ ಜೊತೆ ಲಗ್ನ ಎಂದು ಅಪ್ಪ ಯರ್ರೆಪ್ಪ ಹೇಳಿಬಿಟ್ಟಿದ್ದ. ಹೆಂಡತಿ ಸತ್ತು ಮೂರು ತಿಂಗಳೂ ಆಗಿರದ ಮನುಷ್ಯ. ಅವನ ನೆನಪಾದರೆ ಸಾಕು, ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಸಂದರ್ಶನ ಮುಗಿದ ಮೇಲೆ ಧನ್ಯವಾದ ಬರೆಯಬೇಕು ಎಂದು ಟೈಪಿಂಗ್ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಅವಳು ಶಾಲೆಯ ವಿಳಾಸಕ್ಕೆ, ಗಂಗಾಧರನ ಹೆಸರಿಗೆ ಒಂದು ಕಾರ್ಡು ಬರೆದಳು. 'ನನ್ನ ಮಾತನ್ನು ಪೂರ್ತಿ ಕೇಳಿದ್ದಕ್ಕೆ ಧನ್ಯವಾದ.' ಅದರಾಚೆ ಒಂದಕ್ಷರವಿಲ್ಲ.

ಅಂಚೆ ಡಬ್ಬಿಗೆ ಹಾಕುವ ಮೊದಲು ಅವ್ವ ಗಾದೆಮ್ಮ ಅದನ್ನು ಇಸಿದುಕೊಂಡು ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿದಳು.

"ಒಳ್ಳೆ ಕೆಲಸದ ಕಾಗದ ಬರೇ ಹಂಗ ಹೋಗಬಾರದವ್ವ."

ಮಗಳು ಬೇಡ ಎನ್ನಲಿಲ್ಲ. ಎನ್ನಬೇಕಿತ್ತು ನೋಡಿ!

ಹತ್ತನೆಯ ದಿನ ಶಾಲೆಯಿಂದ ಚೀಟಿ ಬಂತು. 'ತಂದೆಯೊಡನೆ ಕೂಡಲೇ ಬರುವುದು.'

ಕೆಲಸ ಸಿಕ್ಕಿದ್ದರೆ ಅಪ್ಪ ಯಾಕೆ?... ಬಸ್ಸಿನುದ್ದಕ್ಕೂ ಅವಳು ಆ ಚೀಟಿಯನ್ನು ಮತ್ತೆ ಮತ್ತೆ ಓದಿದಳು.

ಆಡಳಿತ ಮಂಡಳಿಯ ಅಧ್ಯಕ್ಷ ಹಾಲಸ್ವಾಮಿ ಕೋಣೆಯ ಕದ ಹಾಕಿಸಿದ. ಮೇಜಿನ ಮೇಲೆ ಅವಳ ಕಾರ್ಡಿತ್ತು, ಪಕ್ಕದಲ್ಲಿ ಅವಳ ಹೆಸರಿನ ನೇಮಕದ ಆದೇಶವೂ ಇತ್ತು. ಗಂಗಾಧರ ಗೋಡೆಗೆ ಒರಗಿ, ತಲೆ ತಗ್ಗಿಸಿ ನಿಂತಿದ್ದ.

"ಅರಿಶಿಣ ಹಚ್ಚಿದ ಕಾಗದ ಲಗ್ನಕ್ಕ ಬರತೈತಿ. ಮೇಷ್ಟ್ರಿಗ್ಯಾಕ ಬಂತವ್ವ?" ಹಾಲಸ್ವಾಮಿಯ ದನಿ ಬಲು ಮೆತ್ತಗಿತ್ತು. "ಈ ಮೇಷ್ಟ್ರು ಕೆಲಸದ ಆಸಿ ತೋರಿಸಿ ಮದುವಿ ಮಾತಾಡಿದ್ರು ಅಂತ ಬರದು ಕೊಡು. ಆದೇಶ ತಗೊಂಡು ಹೋಗು. ಅವರ ಜಾಗಕ್ಕ ನಮ್ಮ ಅಳಿಯ ಬರ್ತಾನ."

ಪೆನ್ನು ಅವಳ ಕೈಗೆ ಬಂತು. ಅಪ್ಪ 'ಬರಿ' ಎಂಬಂತೆ ಕಣ್ಸನ್ನೆ ಮಾಡಿದ.

ಬರೆದರೆ ನಾನು ಉಳಿಯುತ್ತೇನೆ... ಆದರೆ ಮೇಷ್ಟ್ರು? ಯಾವ ಊರಲ್ಲೂ ಮುಖ ತೋರಿಸದಂತೆ ಆಗುತ್ತಾರಲ್ಲ...

ಅವಳು ಪೆನ್ನು ಕೆಳಗಿಟ್ಟಳು.

"ಅರಿಶಿಣ ಹಚ್ಚಿದಾಕಿ ನಮ್ಮವ್ವರಿ. ಸರ್ ನನಗ ಯಾವ ಆಸಿನೂ ತೋರಿಸಿಲ್ಲ. ನಾನು ಸುಳ್ಳು ಬರಿಯಂಗಿಲ್ರಿ."

ಹಾಲಸ್ವಾಮಿ ನಗುನಗುತ್ತಲೇ ಆದೇಶವನ್ನು ಹರಿದು ಹಾಕಿದ.

ಬಸ್ ಸ್ಟ್ಯಾಂಡಿಗೆ ಬಂದವನೇ ಅಪ್ಪ ಎಸ್‌ಟಿಡಿ ಬೂತಿನ ಕಡೆ ನಡೆದ. ಮಾಗಳಕ್ಕೆ ಫೋನು ಮಾಡಲು ಎಂದು ಅವಳಿಗೆ ಬೇರೆ ಹೇಳಬೇಕೇ? ಅವಳು ಅಲ್ಲೇ ಕಂಬದ ಬಳಿ ನಿಂತುಬಿಟ್ಟಳು.

ಅಷ್ಟರಲ್ಲಿ ಗಂಗಾಧರ ಏದುಸಿರು ಬಿಡುತ್ತ ಬಂದ.

"ಯಾಕ ಬರೀಲಿಲ್ಲ ನೀವು? ನಾನು ಬಾಯಿ ಬಿಟ್ಟರ ನಿಮ್ಮ ಕೆಲಸ ಹೋಗತೈತಿ ಅಂತ ಸುಮ್ಮನ ನಿಂತಿದ್ದೆ. ನೀವು ಬರದು ಉಳಕೊಳ್ರಿ ಅಂತ..."

"ನಿಮ್ಮ ಹೆಸರು ಕೆಡಿಸಿ ಹೆಂಗ ಉಳೀಲಿ, ಸರ್?"

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಆ ಕಾರ್ಡು ಖರೇನೇ ಲಗ್ನದ್ದಾಗಿದ್ದರ ಅಂತ, ಬಂದ ದಿನದಿಂದ ಆಸಿ ಪಟ್ಟೀನಿ ಸೌಭಾಗ್ಯ. ನಿಮ್ಮ ಅಪ್ಪಾರನ್ನ ಕೇಳಲೇನು?"

ಬೂತಿನ ಗಾಜಿನಾಚೆ ಅಪ್ಪ ನಂಬರು ಒತ್ತುತ್ತಿದ್ದ. ಸೌಭಾಗ್ಯ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಜಲ್ದಿ ಹೋಗ್ರಿ... ಆ ಕಡಿ ಫೋನು ಎತ್ತೋದ್ರೊಳಗ ಕೇಳಿಬಿಡ್ರಿ."